ಕಾಗದ ಇಲ್ಲದವರಿಗೆ ನೆಟ್ ಇಲ್ಲ

ಅಂಜುಬುರಕ ಮನುಷ್ಯಾಗ ಇಂಥವೇ ಬಂದು ಗಂಟು ಬೀಳ್ತಾವ ನೋಡ್ರಿ. ಧೈರ್ಯದ ಮಂದಿ ತಮ್ಮ ಪಾಡಿಗೆ ತಾವು ಚಹಾ ಕುಡ್ಕೋತ ಕುಂತಿರ್ತಾರ, ಅವರ ಸನೇಕ ಒಂದೂ ಹಾಯಂಗಿಲ್ಲ. ನಾ ಬಾಗಿಲ ಸಪ್ಪಳಾದ್ರೂ ಎದ್ದು ನಿಲ್ಲೋ ಪೈಕಿ. ಅಂಥಾ ನನಗ ದೇವರು ಹುಡುಕಿ ಹುಡುಕಿ ಕೊಟ್ಟ ಕೆಲಸ ಯಾವುದು ಅಂದ್ರ, ಐದು ಊರಾಗ ಮಂದಿಯ ನೆಟ್ ಕಟ್ ಮಾಡೋದು.

ಸಂಸ್ಥಾದ ಹೆಸರು ಬ್ಯಾಡ. ಟೈಪಿಂಗು, ಕಂಪ್ಯೂಟರು, ಹೊಲಿಗಿ ಕಲಸೋ ಸೆಂಟರ್‌ಗಳು ಅವ. ದೊಡ್ಡ ಆಫೀಸು ಶಹಾಬಾದಿನಾಗ, ಉಳಿದವು ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ. ಒಂದೊಂದು ಸೆಂಟರಿಗೆ ಒಂದೇ ದೊಡ್ಡ ಕಂಪ್ಯೂಟರು. ಅದಕ್ಕ ಹತ್ತು-ಹನ್ನೆರಡು ಪರದೆ, ಹತ್ತು-ಹನ್ನೆರಡು ಕೀಬೋರ್ಡು ಜೋಡಿಸ್ಯಾರ. ಯಾರು ಎಲ್ಲಿ ಕುಂತ್ರೂ ತಮ್ಮ ತಮ್ಮ ಲಾಗಿನ್ ಹಾಕಿ ಕೆಲಸ ಮಾಡ್ಬೇಕು. ವೈರ್ ಕಿತ್ತಿದ್ರ ಎಲ್ಲಾರದೂ ನೆಟ್ ಹೋಗ್ತದ. ಒಬ್ಬರದೇ ನಿಲ್ಲಿಸ್ಬೇಕಂದ್ರ ಅವರ ಹೆಸರು ಪಟ್ಟಿಯಿಂದ ತೆಗೀಬೇಕು. ಆ ಪಟ್ಟಿ ನನ್ನ ಕೈಯಾಗ ಅದ.

ನನ್ನ ಜೀವ ಮಾತ್ರ ಕಾರ್ಯದರ್ಶಿ ಸಾಹೇಬರ ಕೈಯಾಗ. ನನ್ನದು ಏಜೆನ್ಸಿ ಮೂಲಕ ಬಂದ ನೌಕರಿ. ಮಾರ್ಚ್ ಕಡೀ ದಿನ ಸಂಜಿ ಐದರೊಳಗ "ಈ ಮನುಷ್ಯ ನಮಗ ಬ್ಯಾಡ" ಅಂತ ಸಾಹೇಬರ ಪತ್ರ ಏಜೆನ್ಸಿಗೆ ಮುಟ್ಟಿದ್ರ ನಾ ಮನಿಗೆ. ಮುಟ್ಟಲಿಲ್ಲ ಅಂದ್ರ ಇನ್ನೊಂದು ವರ್ಷ ಉಸಿರಾಡಬಹುದು. ವಯಸ್ಸು ನಲವತ್ತು ದಾಟ್ಯದ, ಇಬ್ಬರು ಹೆಣ್ಮಕ್ಕಳು ಸಾಲಿಗೆ ಹೋಗ್ತಾರ, ಇನ್ನ ನನಗ ಬ್ಯಾರೆ ಯಾರು ಕರೀತಾರ್ರಿ? ಜನವರಿ ಬಂತಂದ್ರ ರೊಟ್ಟಿ ಗಂಟಲಾಗ ಇಳ್ಯಂಗಿಲ್ಲ.

ಈ ಸಲ ಸಂಕ್ರಾಂತಿ ಮುಗಿದಿದ್ದೇ ಸಾಹೇಬರ ಆದೇಶ ಬಂತು. ಮಂದಿ ಆಫೀಸ್ ವ್ಯಾಳ್ಯಾದಾಗ ರೀಲ್ಸ್ ನೋಡ್ಲಕತ್ತಾರ, ಇನ್ನ ಮ್ಯಾಲ ಕಾಗದದಾಗ ಅರ್ಜಿ ಬರೆದು ಮಂಜೂರಿ ತಗೊಂಡವರಿಗೆ ಮಾತ್ರ ನೆಟ್ ಅಂತ. ಕೆಳಗ ನನ್ನ ಹೆಸರು ಬರೆದು, "ತಪ್ಪಿದಲ್ಲಿ ಇವರೇ ಜವಾಬ್ದಾರರು" ಅಂತ ಗೆರಿ ಎಳೆದಿದ್ರು. ಅದನ್ನ ಓದಿದ್ದೇ ತಡ, ಅರ್ಜಿ ಫೈಲ್ ತೆಗೆದು ಕುಂತೆ.

ವಾಡಿ: ಹೆಸರಿಲ್ರಿ

ಮೊದಲ್ನೇ ಪಟ್ಟಿ ವಾಡಿದು. ಚಿತ್ತಾಪುರದ ಸೆಂಟರಿನಾಗ ಕುಂತು, ಅಲ್ಲಿಂದಲೇ ವಾಡಿ ಕಂಪ್ಯೂಟರ್ ಒಳಗ ಹೊಕ್ಕು, ಮಂಜೂರಿ ಆದ ನಾಕು ಮಂದಿ ಹೆಸರು ಹಾಕಿದೆ. "ಉಳಿದವರಿಗೆಲ್ಲಾ ಬಂದ್" ಅಂತ ಬರೆದು, ಮೂರು ಸಲ ಓದಿ, ಬಸವಣ್ಣಗ ಕೈಮುಗಿದು ಗುಂಡಿ ಒತ್ತಿದೆ. ಒತ್ತಿದ ಕೂಡಲೇ ನನ್ನ ಪರದೆ ಗಪ್ಪಾಯ್ತು. ಉಳಿದವರ ಪೈಕಿ ನಾನೂ ಇದ್ದೆ! ನನ್ನ ಹೆಸರು ಹಾಕೋದೇ ಮರ್ತಿದ್ದೆ. ಇನ್ನ ಚಿತ್ತಾಪುರದಾಗ ಕುಂತು ಏನು ಬಡಕೊಂಡ್ರೂ ಆ ಕಂಪ್ಯೂಟರ್ ನನಗ ಒಳಗ ಬಿಡಂಗಿಲ್ಲ.

ಅಯ್ಯ ಶಿವನೇ, ಮೊದಲ್ನೇ ದಿನಾನೇ ಹಿಂಗಾದ್ರ ಹೆಂಗ? ಸಾಹೇಬರಿಗೆ ಗೊತ್ತಾಗೋದರೊಳಗ ಸರಿ ಮಾಡ್ಬೇಕಂತ ಸಿಕ್ಕ ಪ್ಯಾಸೆಂಜರ್ ಹತ್ತಿ ವಾಡಿಗೆ ಬಂದೆ. ಸ್ಟೇಷನ್ನಿಂದ ಸೆಂಟರ್ ತನಕ ಓಡಿದೆ. ಬಾಯಾಗೆಲ್ಲಾ ಸಿಮೆಂಟಿನ ಧೂಳು.

ಬಾಗಿಲದಾಗ ಕಾವಲುಗಾರ ಕಾಕಾ ಕುಂತಿದ್ದ. ಮಿಲಿಟರಿಯಿಂದ ಬಂದ ಮನುಷ್ಯ, ಆರಡಿ ಎತ್ತರ. ನನ್ನ ಪಟ್ಟಿನ್ನ ಯಾರೋ ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸಿದ್ರು. ಕಾಕಾ ಅದರ ಮುಂದ ಕುರ್ಚಿ ಹಾಕ್ಕೊಂಡು ಬಂದೋಬಸ್ತ್ ಮಾಡಿದ್ದ.

"ಕಾಕಾ, ಜಲ್ದಿ ಬಿಡು, ಒಳಗ ಅರ್ಜೆಂಟ್ ಕೆಲಸ ಅದ."

"ಹೆಸರು ಹೇಳ್ರಿ."

"ಎಂಟು ವರ್ಷ ಆಯ್ತು ನಾ ಇಲ್ಲಿ ಬರ್ಲಕತ್ತು, ನನ್ನ ಹೆಸರು ಗೊತ್ತಿಲ್ಲೇನು?"

ಕಾಕಾ ಪಟ್ಟಿ ಮ್ಯಾಲ ಬೆರಳಿಟ್ಟು ನಾಕೂ ಹೆಸರು ಓದಿದ. ಮತ್ತ ಕೆಳಗಿಂದ ಮ್ಯಾಲಕ ಓದಿದ. "ಹೆಸರಿಲ್ರಿ."

"ಅದು ಕಂಪ್ಯೂಟರಿನ ಪಟ್ಟಿ ಕಾಕಾ, ಬಾಗಿಲದ್ದಲ್ಲ!"

"ಸಾಹೇಬರ ಆದೇಶ ಮ್ಯಾಲ ಬರ್ದಾರ. ಹೆಸರಿಲ್ಲದವರನ್ನ ಬಿಟ್ರ ನನ್ನ ನೌಕರಿ ಹೋಗ್ತದ."

ನೌಕರಿ ಅಂದ ಮ್ಯಾಲ ನಾ ಏನ್ ಅನ್ಲಿ? ಅವನ ಸಂಕಟ ನನಗ ಗೊತ್ತು. ಆದ್ರೂ ಕೈಮುಗಿದು ಅಂದೆ, "ಕಾಕಾ, ಆ ಪಟ್ಟಿ ಮಾಡಿದಾವನೇ ನಾನು."

ಕಾಕಾ ನನ್ನ ಮ್ಯಾಲಿಂದ ಕೆಳಗ ನೋಡಿದ. "ನೀವೇ ಮಾಡಿ, ನಿಮ್ಮ ಹೆಸರು ನೀವೇ ಬಿಟ್ಟೀರಿ ಅಂದ್ರ, ಏನೋ ದೊಡ್ಡ ಕಾರಣ ಇರ್ಬೇಕ್ರಿ," ಅಂತಂದು ಇನ್ನೊಂದು ಚಿಲಕ ಹಾಕಿದ.

ಚಿಂಚೋಳಿ: ಚುಕ್ಕಿ ಚುಕ್ಕಿ

ಚಿಂಚೋಳಿ ಸೆಂಟರಿನಾಗ ಒಬ್ಬ ಗುಮಾಸ್ತಿ ಅಕ್ಕೋರು ಅದಾರ. ಒಂದಿನ ಅವರ ಫೋನ್ ಬಂತು, ದನಿಯಾಗ ಅಳು.

"ಅಣ್ಣಾ, ನನ್ನ ಲಾಗಿನ್ ತಕ್ಕೊಳವಲ್ದು. ಮೂವತ್ತು ಹುಡುಗ್ಯಾರ ಪರೀಕ್ಷಾ ಅರ್ಜಿ ಇವತ್ತೇ ಕಳಸ್ಬೇಕು. ಹೋಗಲಿಲ್ಲಂದ್ರ ಅವರಪ್ಪಗೋಳು ನನ್ನ ಜೀವಂತ ಬಿಡಂಗಿಲ್ಲ."

ಬಿಡಂಗಿಲ್ಲ ಅಂದ ಕೂಡಲೇ ನಾ ಫೈಲ್ ಬಿಚ್ಚಿದೆ. ಅವರ ಮಂಜೂರಿ ಕಾಗದ ಇತ್ತು, ಪಟ್ಟಿಗೆ ಹಾಕೋವಾಗ ನಾನೇ ಏನೋ ಗೋಟಾಳಿ ಮಾಡಿದ್ದೆ. ಅವರ ಹಳೇ ಪಾಸ್‌ವರ್ಡ್ ಹಾಕಿ ನೋಡಿದ್ರ ಐದು ನಿಮಿಷದ ಕೆಲಸ. ಪಾಸ್‌ವರ್ಡ್ ಕೇಳಬಾರದು, ಅದು ಗೊತ್ತದ. ಆದ್ರ ಅಂಜಿದ ಮನುಷ್ಯಾಗ ನಿಯಮ ಎಲ್ಲಿ ನೆನಪಿರ್ತಾವ?

"ಪಾಸ್‌ವರ್ಡ್ ಹೇಳ್ರಿ ಅಕ್ಕೋರ."

"ಹೇಳ್ಳಿಕ್ಕ ಬರಂಗಿಲ್ಲ ಅಣ್ಣಾ."

"ಮರ್ತೀರೇನು?"

"ಮರೆಯೋ ಹೆಸರಲ್ಲ ಅದು. ನಮ್ಮ ಮನಿಯವರ ಹೆಸರು. ಲಗ್ನಾಗಿ ಇಪ್ಪತ್ತು ವರ್ಷ ಆಯ್ತು, ರೇಷನ್ ಅಂಗಡಿಯಾಗೂ ಬಾಯಿಲೆ ಅಂದಿಲ್ಲ. ಅವರ ಆಯುಷ್ಯದ ಮಾತು."

"ದಿನಾ ಟೈಪ್ ಮಾಡ್ತೀರಲ್ರೀ ಮತ್ತ?"

"ಟೈಪ್ ಮಾಡಿದ್ರ ಚುಕ್ಕಿ ಚುಕ್ಕಿ ಬರ್ತಾವಲ್ಲ ಅಣ್ಣಾ. ಹೆಸರು ಎಲ್ಲಿ ಕಾಣ್ತದ?"

ಹೋಗ್ಲಿ, ಮೆಸೇಜ್ ಮಾಡ್ರಿ ಅಂದೆ. ಮೆಸೇಜಿನಾಗ ಹೆಸರು ಖುಲ್ಲಾ ಕಾಣ್ತದ, ಒಲ್ಲೆ ಅಂದ್ರು. ಕಡೀಕ ಜವಾನನ್ನ ಕರೆದು, "ನಮ್ಮ ಮನಿಯವರ ಹೆಸರು ಫೋನಿನಾಗ ಹೇಳಪಾ" ಅಂತ ಅವನ ಕೈಗೆ ಕೊಟ್ರು. ಜವಾನಂದು ಊರು ಕೂಗೋ ದನಿ. ಲೈನ್ ಸರಿ ಇರ್ಲಿಲ್ಲ, ಮೂರು ಸಲ ಒದರಿದ. ನಾಕನೇ ಸಲ ಒಂದೊಂದೇ ಅಕ್ಷರ ಬಿಡಿಸಿ ಒದರಿದ. ಅರ್ಜಿ ಹೋದ್ವು, ಅಕ್ಕೋರು ಬದುಕಿದ್ರು.

ವಾರ ಆಗೋದ್ರಾಗ ಸಾಹೇಬರ ಫೋನ್. "ಏನೋ ಇದು? ಚಿಂಚೋಳಿದಾಗ ಒಬ್ಬ ಹೆಣ್ಮಗಳು ಏಕಕಾಲಕ್ಕ ಒಂಬತ್ತು ಪರದೆ ಮುಂದ ಕುಂತಾಳಂತ ನಿನ್ನ ರಿಪೋರ್ಟಿನಾಗ ಬಂದದ! ಇದು ಒಂದನೇ ವಾರ್ನಿಂಗ್." ನೆಟ್ ಇಲ್ಲದವರೆಲ್ಲಾ ಅಕ್ಕೋರ ಲಾಗಿನ್ನಿನಾಗ ಹೊಕ್ಕಿದ್ರು.

ಅಕ್ಕೋರಿಗೆ ಫೋನ್ ಹಚ್ಚಿ ಪಾಸ್‌ವರ್ಡ್ ಬದಲು ಮಾಡ್ರಿ ಅಂದೆ.

"ಮಾಡ್ತೀನಿ ಅಣ್ಣಾ, ಇವತ್ತೇ ಮಾಡ್ತೀನಿ," ಅಂತ ಅಳಲಿಕ್ಕೇ ಹತ್ತಿದ್ರು. "ಒಂಬತ್ತು ಮಂದಿ ದಿನಾ ಅವರ ಹೆಸರು ಒತ್ತಿ ಒತ್ತಿ, ಮನ್ಯಾಗ ಅವರಿಗೆ ಐದು ದಿನದಿಂದ ಬಿಕ್ಕಳಿಕೆ ನಿಲ್ಲವಲ್ದು!"

ಚಿತ್ತಾಪುರ: ಎಲ್ಲಾ ಕಾಣ್ತದ

ವಾರ್ನಿಂಗ್ ಆದ ಮ್ಯಾಲ ನಾ ಒಂದು ಶ್ಯಾಣ್ಯಾತನ ಮಾಡಿದೆ. ಮಂದಿನ್ನ ಅಂಜಿಸಿದ್ರ ಆಯ್ತು, ತಾವೇ ಸುಮ್ಮನಾಗ್ತಾರ ಅಂತ ಚಿತ್ತಾಪುರದ ಗ್ವಾಡಿಗೆ ಒಂದು ನೋಟಿಸ್ ಹಚ್ಚಿದೆ: "ಯಾರು ಏನು ನೋಡುತ್ತೀರಿ, ಎಲ್ಲಾ ನಮಗೆ ಕಾಣುತ್ತದೆ." ಖರೇ ಹೇಳ್ಬೇಕಂದ್ರ ನನಗ ಏನೂ ಕಾಣಂಗಿಲ್ಲ. ಯಾರಿಗೆ ನೆಟ್ ಅದ, ಯಾರಿಗಿಲ್ಲ, ಯಾವಾಗ ಬಂದ್ರು, ಯಾವಾಗ ಹೋದ್ರು, ಇಷ್ಟೇ.

ಮರುದಿನ ಮುಂಜಾನೆ ನನ್ನ ಟೇಬಲ್ ಮುಂದ ಪಾಳಿ ಹತ್ತಿತ್ತು.

ಹೊಲಿಗಿ ಅಕ್ಕೋರು ಬಂದ್ರು. "ತಪ್ಪಾಯ್ತ್ರಿ, ನಮ್ಮ ಓಣಿಯವರ ಬ್ಲೌಸಿನ ಡಿಜೈನ್ ನೋಡ್ತಿದ್ದೆ." ನಾ ಮಾರಿ ಗಂಟಿಕ್ಕಿ "ಹ್ಞೂಂ" ಅಂದೆ. ಟೈಪಿಂಗ್ ಮಾಸ್ತರು ಬಂದ್ರು. "ಮಗಳಿಗೆ ವರ ನೋಡ್ಲಕತ್ತಿದ್ದೆ. ಮನ್ಯಾಗ ಹೇಳಬ್ಯಾಡ್ರಿ, ಅವರು ಬ್ಯಾರೆ ವರ ನೋಡ್ಯಾರ." "ಹ್ಞೂಂ." ನನ್ನ ಆಯುಷ್ಯದಾಗ ಮೊದಲ್ನೇ ಸಲ ನನಗ ಯಾರೋ ಅಂಜಲಕತ್ತಿದ್ರು. ಭಾಳ ಚಲೋ ಅನಸ್ತು, ಸುಳ್ಳು ಯಾಕ ಹೇಳ್ಲಿ.

ಕಡೀಕ ಸೆಂಟರಿನ ಮುಖ್ಯಸ್ಥರೇ ಬಂದು ಬಾಗಿಲು ಹಾಕ್ಕೊಂಡ್ರು. ವಸ್ತ್ರದಿಂದ ಕುತ್ತಿಗಿ ಒರಸ್ಕೊಂಡು, "ನಿಮಗ ಕಂಡೇ ಕಂಡಿರ್ತದ," ಅಂದ್ರು.

"ಕಂಡದ. ಆದ್ರೂ ನಿಮ್ಮ ಬಾಯಿಲೆ ಹೇಳ್ರಿ," ಅಂದೆ, ಕಾಲ ಮ್ಯಾಲ ಕಾಲು ಹಾಕಿ.

"ನನ್ನ ತಪ್ಪಿಲ್ರಿ. ಸಾಹೇಬ್ರೇ ಹೇಳ್ಯಾರ. ಏಜೆನ್ಸಿ ಮನುಷ್ಯಾನ್ನ ತೆಗೀಲಿಕ್ಕ ಪತ್ರ ಹೆಂಗ ಬರೀಬೇಕು, ನೆಟ್ಟಿನಾಗ ಮಾದರಿ ಹುಡುಕು, ಮಾರ್ಚಿಗೆ ಬೇಕು ಅಂದ್ರು."

ಕಾಲ ಮ್ಯಾಲಿನ ಕಾಲು ತಾನೇ ಕೆಳಗಿಳೀತು. ಐದೂ ಸೆಂಟರಿಗೆ ಏಜೆನ್ಸಿ ಮನುಷ್ಯ ಅಂದ್ರ ನಾನೊಬ್ಬನೇ. ನೀರು ಅಂದೆ. ಮುಖ್ಯಸ್ಥರು ತಾವೇ ನೀರು ಕುಡಿಸಿ ಬೆನ್ನ ಮ್ಯಾಲ ಕೈ ಆಡಿಸಿದ್ರು.

"ಮನಸ್ಸಿಗೆ ಹಚ್ಕೋಬ್ಯಾಡ್ರಿ. ಇಪ್ಪತ್ತು ಮಾದರಿ ನೋಡಿ, ಎಲ್ಲಾದಕ್ಕೂ ಹೆಚ್ಚು ಮರ್ಯಾದಿ ಇರೋದೇ ಆರಿಸೀನಿ."

ಸೇಡಂ: ಚಹಾ ತರಸ್ಲೇನು?

ಈಗ ಏನಾದ್ರೂ ದೊಡ್ಡ ಕೆಲಸ ಮಾಡಿ ಸಾಹೇಬರ ಮನಸ್ಸು ಗೆಲ್ಲದಿದ್ರ ನನಗ ಉಳಿಗಾಲಿಲ್ಲ. ಹಗಲೆಲ್ಲಾ ಪಟ್ಟಿ ತಿರುವಿ ಹಾಕ್ಲಕತ್ತೆ. ಸೇಡಂ ಪಟ್ಟಿಯಾಗ ಸಿಕ್ತು. ಹೋದ ಮಳಿಗಾಲದಾಗ ರಿಟೈರ್ ಆದ ಹಿರಿಯ ಗುಮಾಸ್ತರ ಲಾಗಿನ್ ಇನ್ನಾ ನಡೀಲಕತ್ತದ! ದಿನಾ ಹತ್ತೂವರಿಗೆ ಬರ್ತದ, ಐದೂವರಿಗೆ ಹೋಗ್ತದ, ಐತವಾರ ರಜಾ.

ಕಳ್ಳ! ಯಾರೋ ಕಳ್ಳ ಅವರ ಹೆಸರಿನಾಗ ಹೊಕ್ಕಾನ! ಖುಷಿಯೂ ಆಯ್ತು, ಹೆದರಿಕಿಯೂ ಆಯ್ತು. ಸಾಹೇಬರಿಗೆ ಫೋನ್ ಹಚ್ಚಿದೆ. ಸಾಹೇಬ್ರು ಜೀಪ್ ತಗೊಂಡೇ ಬಂದ್ರು, ನನಗ ಹಿಂದ ಕುಂದರಿಸಿಕೊಂಡ್ರು. ಕಳ್ಳನ ಕೈಯಾಗ ಚಾಕು ಗೀಕು ಇದ್ರ ಏನ್ ಗತಿ ಅಂತ ಸೇಡಂ ಬರೋತನಕ ನನಗ ಅದೇ ಚಿಂತಿ. ಸೆಂಟರಿನ ಹೊರಗ ಇಳಿದು, ಚಪ್ಪಲಿ ಸಪ್ಪಳ ಆಗದಂಗ, ಸಾಹೇಬರ ಬೆನ್ನ ಹಿಂದ ಅಡಗಿಕೊಂಡು ಒಳಗ ಹೊಕ್ಕೆ.

ಹಳೇ ಕುರ್ಚಿಯಾಗ ಹಿರಿಯ ಗುಮಾಸ್ತರೇ ಕುಂತಿದ್ರು. ಮೂಗಿನ ತುದಿಗೆ ಚಷ್ಮಾ, ಮುಂದ ಫೈಲಿನ ರಾಶಿ. ನಮ್ಮನ್ನ ನೋಡಿ ಎದ್ದು ನಿಂತ್ರು.

"ಬರ್ರಿ ಸಾಹೇಬ್ರ, ಕುಂದ್ರಿ. ಚಹಾ ತರಸ್ಲೇನು?"

"ನೀವು ರಿಟೈರ್ ಆಗೀರಲ್ರೀ!"

"ಹೌದ್ರಿ, ಎಂಟು ತಿಂಗಳಾಯ್ತು."

"ಮತ್ತ ಇಲ್ಲೇನು ಮಾಡ್ಲಕತ್ತೀರಿ?"

"ನಿಮಗ ಕಳಸೋ ರಿಪೋರ್ಟ್ ಮಾಡ್ಲಕತ್ತೀನ್ರಿ. ಹೋದ ತಿಂಗಳದ್ದು ನೀವು ಭಾಳ ಚಲೋ ಅದ ಅಂದಿದ್ರಲ್ಲ."

ಸಾಹೇಬ್ರು ಟೇಬಲ್ ಮ್ಯಾಲ ಕೈಯೂರಿದ್ರು. "ಅಲ್ರೀ, ಬೀಳ್ಕೊಡುಗಿ ಸಮಾರಂಭಕ್ಕ ನಾನೇ ಬಂದಿದ್ದೆ!"

"ಬಂದಿದ್ರಿ, ನೆನಪದ," ಅಂದ್ರು ಹಿರಿಯರು, ಕೈಕಟ್ಟಿ. "ಹಾರ ಹಾಕಿದ್ರಿ, ಶಾಲು ಹೊಚ್ಚಿದ್ರಿ, ಕಣ್ಣಾಗ ನೀರು ಬರೋ ಹಂಗ ಮಾತಾಡಿದ್ರಿ. ನಾಳಿಂದ ಬರಬ್ಯಾಡ ಅಂತ ಮಾತ್ರ ಯಾರೂ ಅನ್ಲಿಲ್ಲ."

ಶಹಾಬಾದ್: ಇಂದ ಸಾಹೇಬ್ರು, ಇವರಿಗೆ ಸಾಹೇಬ್ರು

ಸೇಡಂದಿಂದ ತಿರುಗಿ ಬರೋವಾಗ ಜೀಪಿನಾಗ ಸಾಹೇಬ್ರು ನನ್ನ ಮ್ಯಾಲ ಹರಿಹಾಯ್ದ್ರು. "ರಿಟೈರ್ ಆದವರಿಗೆ ಎಂಟು ತಿಂಗಳು ನೆಟ್ ಕೊಟ್ಟೀಯಲ್ಲ! ಕಾಗದ ಇಲ್ಲದ ಯಾರಿಗೂ ಕೊಡಬ್ಯಾಡ. ನಮ್ಮಪ್ಪ ಬಂದ್ರೂ ಕೊಡಬ್ಯಾಡ. ನಾ ಬಂದ್ರೂ ಕೊಡಬ್ಯಾಡ!"

ಮರುದಿನ ಫೈಲ್ ಮುಂದಿಟ್ಕೊಂಡು ಕುಂತೆ. ಒಂದು ಹೆಸರು, ಒಂದು ಕಾಗದ. ಕಾಗದ ಇಲ್ಲದ ಹೆಸರು ಕಟ್. ಶಹಾಬಾದಿನ ಪಟ್ಟಿ ಮುಗಿಯೋ ಹೊತ್ತಿಗೆ ಒಂದೇ ಹೆಸರು ಉಳೀತು, ಸಾಹೇಬರದು. ಅವರ ಅರ್ಜಿ ಇರ್ಲಿಲ್ಲ. ಕಟ್ ಮಾಡಿದ್ರ ನನ್ನ ತೆಗೀತಾರ, ಮಾಡದಿದ್ರ ಆದೇಶ ಮೀರಿದೆ ಅಂತ ತೆಗೀತಾರ. ಒಂದು ತಾಸು ಗುಂಡಿ ಮ್ಯಾಲ ಬೆರಳಿಟ್ಟು ಕುಂತೆ. "ನಾ ಬಂದ್ರೂ ಕೊಡಬ್ಯಾಡ" ಅನ್ನೋ ದನಿ ಕಿವಿಯಾಗ ಗುಂಯ್ ಅಂತಿತ್ತು. ಕಣ್ಣು ಮುಚ್ಚಿ ಒತ್ತಿಬಿಟ್ಟೆ. ಸಾಹೇಬರ ಟಪಾಲೆಲ್ಲಾ ಹೆಡ್ ಕ್ಲಾರ್ಕೇ ನೋಡ್ತಿದ್ರು, ಹಂಗಾಗಿ ಮಾರ್ಚ್ ಕಡೀತನಕ ಯಾರಿಗೂ ಗೊತ್ತಾಗ್ಲಿಲ್ಲ.

ಕಡೀ ದಿನ ಬಂತು. ಮಧ್ಯಾಹ್ನ ಮೂರೂವರಿಗೆ ಸಾಹೇಬರ ಕರೆ. ಒಳಗ ಆಡ್ಳಿತ ಮಂಡಳಿಯ ಇಬ್ಬರು ಹಿರಿಯರು ಕುಂತಿದ್ರು.

"ನನ್ನ ನೆಟ್ ಬರವಲ್ದು, ನೋಡು," ಅಂದ್ರು ಸಾಹೇಬ್ರು.

ಬಗ್ಗಿ ನೋಡಿದೆ. ಪರದೆ ಮ್ಯಾಲ ಒಂದು ಪತ್ರ. ಅದರಾಗ ನನ್ನ ಹೆಸರು. "ಸದರಿಯವರ ಸೇವೆ ಇನ್ನು ಮುಂದೆ ಅಗತ್ಯವಿರುವುದಿಲ್ಲ."

"ಹೌದು, ನಿಂದೇ ಪತ್ರ," ಅಂದ್ರು ಸಾಹೇಬ್ರು. "ಡಿಜಿಟಲ್ ಸಹಿ ಹಾಕಿ ಕಳಸ್ಬೇಕು. ಆ ಸಹಿ ನನ್ನ ಲಾಗಿನ್ನಿನಾಗೇ ಬೀಳ್ತದ. ಐದರೊಳಗ ಏಜೆನ್ಸಿಗೆ ಮುಟ್ಟಬೇಕು. ಲಗೂನ ಸರಿ ಮಾಡು."

ನನ್ನ ನೌಕರಿ ಕಳೀಲಿಕ್ಕ ನನ್ನನ್ನೇ ಕರೆಸ್ಯಾರ! ಕುರ್ಚಿ ಹಿಡ್ಕೊಂಡು ಅಂದೆ, "ಸರ್, ನೆಟ್ ಕೆಟ್ಟಿಲ್ರಿ. ನಾನೇ ಕಟ್ ಮಾಡೀನ್ರಿ."

"ಯಾಕ?"

"ಫೈಲಿನಾಗ ನಿಮ್ಮ ಕಾಗದ ಇಲ್ರಿ."

ಕಪಾಳಕ್ಕ ಬಿತ್ತು ಅಂತ ಕಣ್ಣು ಮುಚ್ಚಿದೆ. ಬೀಳ್ಲಿಲ್ಲ. ಹಿರಿಯರ ಮುಂದ ಸಾಹೇಬ್ರು ಎದಿ ಮುಂದ ಮಾಡಿ, "ಬರೋಬರ್ ಅದ. ಕಾಯ್ದೆ ನನಗೂ ಒಂದೇ," ಅಂದ್ರು.

"ಈಗೇ ಚಾಲೂ ಮಾಡ್ತೀನ್ರಿ ಸರ್, ಕಾಗದ ಆಮ್ಯಾಲೆ..."

"ಏ, ಕಾಗದ ಮೊದಲು!"

ಅಲ್ಲೇ ಹಾಳಿ ತಗೊಂಡು ಬರೆದ್ರು. ಇಂದ: ಕಾರ್ಯದರ್ಶಿ. ಇವರಿಗೆ: ಕಾರ್ಯದರ್ಶಿ. ಮಾನ್ಯರೇ, ನನಗೆ ನೆಟ್ ಸೌಲಭ್ಯ ಮಂಜೂರು ಮಾಡಬೇಕೆಂದು ವಿನಂತಿ. ಕೆಳಗ ತಮ್ಮ ವಿಶ್ವಾಸಿ ಅಂತ ಸಹಿ.

ಅದನ್ನ ತಗೊಂಡು ಹೆಡ್ ಕ್ಲಾರ್ಕ್ ಹತ್ರ ಓಡಿದೆ. ಎಲ್ಲಾರೂ ಅವರಿಗೆ ಮಾಮಾ ಅಂತೀವಿ. ಮೂವತ್ತು ವರ್ಷದ ಸರ್ವಿಸ್, ಹಸೀ ಕಾಗದ ಸಾಹೇಬರ ಮುಂದ ಇಟ್ಟ ಮನುಷ್ಯ ಅಲ್ಲ. ಬಂದ ಕಾಗದದ ಬುಕ್ಕಿನಾಗ ಬರೆದು ಆವಕ ನಂಬರ್ ಹಾಕಿದ್ರು, ಶಿಕ್ಕಾ ಹೊಡೆದ್ರು, ಫೈಲ್ ಮಾಡಿ ಟ್ಯಾಗ್ ಕಟ್ಟಿದ್ರು, "ಮಂಜೂರಾತಿಗಾಗಿ ಸಲ್ಲಿಸಿದೆ" ಅಂತ ಚಂದಾಗಿ ಬರೆದ್ರು. ಸಾಹೇಬರ ಅಂಜಿಕಿಗೆ ಲಗೂ ಮಾಡ್ರಿ ಅನ್ಲೋ, ನನ್ನ ಮಕ್ಕಳ ಸಲುವಾಗಿ ನಿಧಾನ ಮಾಡ್ರಿ ಅನ್ಲೋ, ತಿಳೀದೆ ನಿಂತೆ.

ನಾಕೂ ಇಪ್ಪತ್ತಕ್ಕ ಫೈಲ್ ಒಳಗ ಹೋಯ್ತು, ಮಾರ್ಚ್ ಕಡೀ ದಿನದ ನಲವತ್ತು ಫೈಲಿನ ಗಡ್ಡಿಯಾಗ. ಸಾಹೇಬ್ರು ಹಿರಿಯರ ಕೂಡ ಮಾತಾಡ್ಕೋತ ಸಹಿ ಮಾಡ್ಲಕತ್ತಿದ್ರು. ಅವರದೊಂದು ರೂಢಿ ಅದ. ಯಾವ ಅರ್ಜಿ ಬಂದ್ರೂ ಮೊದಲ್ನೇ ಸಲ ಮಂಜೂರು ಮಾಡಂಗಿಲ್ಲ. ಓದಂಗೂ ಇಲ್ಲ. ಅಂಚಿನಾಗ "ಚರ್ಚಿಸಿ" ಅಂತ ಬರೆದು ಸಹಿ ಮಾಡಿ ಒಗೀತಾರ. ಅಂದ್ರ ಅರ್ಜಿ ಕೊಟ್ಟವರು ಬಂದು ಮಾತಾಡ್ಬೇಕು ಅಂತ.

ನಾಕೂ ನಲವತ್ತಕ್ಕ ಫೈಲ್ ಹೊರಗ ಬಂತು. ಮಾಮಾ ಬಿಚ್ಚಿ ನೋಡಿದ್ರು. ಚಷ್ಮಾ ಒರಸ್ಕೊಂಡು ಮತ್ತ ನೋಡಿದ್ರು.

"ಮಂಜೂರಾಗಿಲ್ಲಪಾ. ಚರ್ಚಿಸಿ ಅಂದಾರ."

"ಒಳಗ ಹೋಗಿ ಹೇಳ್ರಿ ಮಾಮಾ, ಕೈ ತಪ್ಪಿ ಬರೆದೀರಿ ಅಂತ."

"ನಾ ಹೇಳ್ಲಿ? ಸಾಹೇಬ್ರು ಬರೆದದ್ದು ತಪ್ಪದ ಅಂತ? ನೀನೇ ಹೇಳು."

"ನನಗ ಅಂಜಿಕಿ ಬರ್ತದ ಮಾಮಾ."

"ನನಗೇನು ಬರಂಗಿಲ್ಲೇನು?"

ಇಬ್ಬರೂ ಫೈಲ್ ಹಿಡ್ಕೊಂಡು ಬಾಗಿಲ ಹೊರಗ ಫರಸಿ ಮ್ಯಾಲ ನಿಂತೆವು. ಒಳಗ ಹೋಗ್ಲಿಕ್ಕ ಅವರು ನನ್ನ ನೂಕ್ತಾರ, ನಾ ಅವರಿಗೆ ನೂಕ್ತೀನಿ. ಹಿಂಗೇ ಗ್ವಾಡಿ ಗಡಿಯಾರ ಐದು ಹೊಡೀತು. ಒಳಗಿಂದ, "ಏನಾಯ್ತೋ ನೆಟ್?" ಅಂತ ಗುಡುಗಿದಂಗಾಯ್ತು.

ಒಳಗ ಹೋಗಿ ಫೈಲ್ ಇಟ್ಟು ಹಿಂದಕ್ಕ ಸರಿದೆವು. ಸಾಹೇಬ್ರು ಓದಿದ್ರು. ಕಿವಿ ಕೆಂಪಾದ್ವು. ಗಡಿಯಾರ ನೋಡಿದ್ರು, ಮತ್ತ ಓದಿದ್ರು. ಹಿರಿಯರೊಬ್ಬರು ಬಗ್ಗಿ ಇಣುಕಿ, "ಚರ್ಚಿಸಿ ಅಂತ ಬರ್ದೀರಲ್ಲ, ಯಾರ ಕೂಡ?" ಅಂತ ಕೇಳಿದ್ರು.

ಮಾಮಾ ಕೈಮುಗಿದು ಅಂದ್ರು, "ನಿಯಮದ ಪ್ರಕಾರ ಅರ್ಜಿದಾರರ ಕೂಡ್ರಿ. ಅರ್ಜಿದಾರರು ಸಾಹೇಬ್ರೇ ಅದಾರ."

ಹಿರಿಯರಿಬ್ಬರೂ ಹೊಟ್ಟಿ ಹಿಡ್ಕೊಂಡು ನಕ್ರು. ಸಾಹೇಬ್ರು ನಗ್ಲಿಲ್ಲ. ನನ್ನ ಕಡಿ ನೋಡದೇ, "ಹೋಗು" ಅಂತ ಕೈ ಮಾಡಿದ್ರು. ಅಂಗಳಕ್ಕ ಬರೋದರೊಳಗ ಹೆಂಡ್ತಿ ಫೋನು. ಮುಂಜಾನಿಯಿಂದ ಉಪಾಸ ಇದ್ದಳು, ಪಾಪ.

"ರೀ, ಏನಾಯ್ತು? ನೌಕರಿ ಉಳೀತೋ, ಹೋಯ್ತೋ?"

"ಉಳೀತು," ಅಂದೆ. "ಸಾಹೇಬ್ರು ತಮ್ಮ ಕೂಡ ತಾವೇ ಕುಂತು ಚರ್ಚಾ ಮುಗಿಸೋತನಕ ಉಳೀತು."